ತೊಟ್ಟಿಲ ಕೂಸಿನ ದೀಕ್ಷಾಸ್ನಾನ ಲೆಕ್ಕಕ್ಕಿಲ್ವಾ?

1/6
ಯೂತ್ ಕ್ಯಾಂಪ್ ಸೀಸನ್ ಬಂತು ಅಂದ್ರೆ ಈ ಪ್ರಶ್ನೆನೂ ಬರುತ್ತೆ: "ನಿನ್ನ ದೀಕ್ಷಾಸ್ನಾನ ಆಗಿದ್ಯಾ?" ಆಗಿದೆ, ಮೂರು ತಿಂಗಳ ಕೂಸಿದ್ದಾಗ ಅಂದ್ರೆ, "ಅದು ಲೆಕ್ಕಕ್ಕಿಲ್ಲ, ಮತ್ತೆ ಮುಳುಗು." ಇದಕ್ಕೆ ಹೆದರಿ ಮನೇಲಿ ಹೇಳದೆ ಎರಡನೇ ಸಲ ನೀರಿಗಿಳಿದ ಗೆಳೆಯರಿದ್ದಾರೆ. ಅವರ ಭಕ್ತಿ ಬಗ್ಗೆ ನಂಗೆ ತಕರಾರಿಲ್ಲ. ಹೆದರಿಸಿದವರ ಬಗ್ಗೆ ಇದೆ.

ಬೇರೆ ಧರ್ಮದ ಕ್ಲಾಸ್‌ಮೇಟ್ಸ್‌ಗೆ: ದೀಕ್ಷಾಸ್ನಾನ ಅಂದ್ರೆ ನೀರಿನ ಮೂಲಕ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳೋ ಸಂಸ್ಕಾರ. ನಾನು ಸಿಎಸ್‌ಐ ಸಭೆಯವಳು. ನಮ್ಮಲ್ಲಿ ಕೂಸುಗಳಿಗೂ ಕೊಡ್ತಾರೆ.

2/6
ಅವರ ಗಟ್ಟಿ ವಾದ: ಹೊಸ ಒಡಂಬಡಿಕೆಯಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಟ್ಟರು ಅಂತ ಎಲ್ಲೂ ನೇರವಾಗಿ ಬರೆದಿಲ್ಲ. ಒಪ್ಪಿದೆ. ಆದ್ರೆ ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆ ಅಧಿಕಾರಿಯ ಮನೆಯವರು, ಸ್ತೆಫನನ ಮನೆಯವರು ಅಂತ ಇಡೀ ಮನೆಗಳ ಲೆಕ್ಕ ಇದೆ. ಅಲ್ಲಿ ಕೂಸುಗಳಿದ್ವು ಅಂತ ನಾನೂ ಸಾಬೀತು ಮಾಡೋಕಾಗಲ್ಲ, ಇರಲಿಲ್ಲ ಅಂತ ನೀವೂ ಮಾಡೋಕಾಗಲ್ಲ. ಇನ್ನೊಂದು: ವಿಶ್ವಾಸಿಗಳ ಮಗುವೊಂದು ದೊಡ್ಡದಾಗೋವರೆಗೂ ಕಾದು ದೀಕ್ಷಾಸ್ನಾನ ತಗೊಂಡ ಉದಾಹರಣೆನೂ ಅಲ್ಲಿಲ್ಲ. ಮೌನ ಎರಡೂ ಕಡೆ ಇದೆ, ಸ್ವಾಮಿ.

3/6
"ಇದೆಲ್ಲ ಕಾನ್‌ಸ್ಟಂಟೈನ್ ಚಕ್ರವರ್ತಿ ಕಾಲದಲ್ಲಿ ಸೇರಿಸಿದ್ದು" ಅನ್ನೋ ರೀಲ್ಸ್ ನೋಡಿರ್ತೀರಿ. ಅವನ ಕಾಲ 4ನೇ ಶತಮಾನ. ಸುಮಾರು 200ರಲ್ಲೇ ಕಾರ್ಥೇಜಿನ ತೆರ್ತುಲಿಯನ್ "ಮಕ್ಕಳಿಗೆ ಅವಸರ ಬೇಡ" ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ನಡೀತಾನೇ ಇಲ್ಲದ್ದನ್ನ ಯಾರಾದ್ರೂ ಬೇಡ ಅಂತಾರಾ? ಮುಂದೆ ಸುಮಾರು 250ರ ಹೊತ್ತಿಗೆ ಅದೇ ಊರಿನ ಬಿಷಪ್ ಸಿಪ್ರಿಯನ್ ಮುಂದೆ ಬಂದ ಪ್ರಶ್ನೆ ಕೂಸಿಗೆ ಕೊಡಬೇಕಾ ಅಂತಲ್ಲ, ಎಂಟನೇ ದಿನದವರೆಗೆ ಕಾಯಬೇಕಾ ಅಂತ!

4/6
"ನನ್ನನ್ನ ಯಾರೂ ಕೇಳಲಿಲ್ಲ" ಅಂತೀರಾ? ನಮ್ಮ ಬಿಕಾಂ ಭಾಷೇಲಿ ಹೇಳ್ತೀನಿ. ಅಪ್ಪ ನಿಮ್ಮ ಹೆಸರಲ್ಲಿ ಮೈನರ್ ಅಕೌಂಟ್ ತೆಗೆದು ದುಡ್ಡು ಕಟ್ಟಿರ್ತಾರೆ. ಹದಿನೆಂಟು ತುಂಬಿದಾಗ ಬ್ಯಾಂಕಿನವರು ನಿಮ್ಮ ಸಹಿ ತಗೋತಾರೆ. "ಆಗ ನೀವು ಸಹಿ ಮಾಡಿರಲಿಲ್ಲ, ಹಳೇ ದುಡ್ಡೆಲ್ಲ ಸುಳ್ಳು" ಅಂತ ಬ್ಯಾಲೆನ್ಸ್ ಸೊನ್ನೆ ಮಾಡಲ್ಲ. ಆ ಸಹಿಯೇ ದೃಢೀಕರಣ. ದೀಕ್ಷಾಸ್ನಾನ ನಾನು ದೇವರನ್ನ ಆರಿಸಿಕೊಂಡೆ ಅನ್ನೋ ಸರ್ಟಿಫಿಕೇಟ್ ಅಲ್ಲ, ನನಗಿಂತ ಮೊದಲೇ ದೇವರು ನನ್ನನ್ನ ಕರೆದ್ರು ಅನ್ನೋ ಗುರುತು. ಕೃಪೆ ಅಂದ್ರೆ ಅದೇ ತಾನೇ?

5/6
ಈಗ ನಮ್ಮವರಿಗೆ. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು "ವಿಶ್ವಾಸ ಇಟ್ಟ ಮೇಲೇ ದೀಕ್ಷಾಸ್ನಾನ" ಅಂತ ಒಬ್ಬರಿಗೊಬ್ಬರು ಕೊಟ್ಟುಕೊಂಡರು. 1527ರ ಜನವರಿಯಲ್ಲಿ ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್‌ನನ್ನ ಲಿಮ್ಮಾಟ್ ನದಿಗೆ ಮುಳುಗಿಸಿ ಕೊಂದರು. ಕೊಲ್ಲಿಸಿದ್ದು ಕೂಸಿನ ದೀಕ್ಷಾಸ್ನಾನವೇ ಸರಿ ಅಂತಿದ್ದ ನಗರಸಭೆ. ಈ ಕಳಂಕ ನಮ್ಮ ಕಡೆಯದು, ಮುಚ್ಚಿಡಬಾರದು.

ಇನ್ನು ದೃಢೀಕರಣ? ನಾಲ್ಕು ಕ್ಲಾಸು, ಒಂದಿಷ್ಟು ಬಾಯಿಪಾಠ, ಬಿಳಿ ಬಟ್ಟೆ, ಫೋಟೋ, ಬಿರಿಯಾನಿ. ಮುಂದಿನ ಭಾನುವಾರ ಬೆಂಚು ಖಾಲಿ. ಸಹಿಯನ್ನೇ ಆಟ ಮಾಡಿಕೊಂಡ್ರೆ, ಅಕೌಂಟೇ ಸುಳ್ಳು ಅಂತ ಬೇರೆಯವರು ಹೇಳದೆ ಇರ್ತಾರಾ?

6/6
1943ರಲ್ಲಿ ಕಾರ್ಲ್ ಬಾರ್ತ್ ಅನ್ನೋ ದೊಡ್ಡ ದೈವಶಾಸ್ತ್ರಜ್ಞರು ಕೂಸಿನ ದೀಕ್ಷಾಸ್ನಾನವನ್ನ ಕಟುವಾಗಿ ಟೀಕಿಸಿದ್ರು. ಆದ್ರೂ ಅದು ಅಸಿಂಧು ಅನ್ನಲಿಲ್ಲ, ಮತ್ತೆ ಕೊಡಬೇಕು ಅಂತನೂ ಅನ್ನಲಿಲ್ಲ. 1970ರಲ್ಲಿ ಬ್ಯಾಪ್ಟಿಸ್ಟರೂ ಸೇರಿ ಕಟ್ಟಿದ ಉತ್ತರ ಭಾರತ ಸಭೆ ಎರಡೂ ಪದ್ಧತಿಯನ್ನ ಒಪ್ಪಿತು. ಒಂದೇ ಸಭೇಲಿ ಅವರು ಬಾಳ್ತಾರೆ, ನಮ್ಗೆ ಒಂದು ಕ್ಯಾಂಪಲ್ಲಿ ಆಗಲ್ವಾ?

ನಿಮ್ಮ ಮನೇಲಿ ಮಗು ದೊಡ್ಡದಾಗಲಿ ಅಂತ ಕಾಯ್ತೀರಾ? ಕಾಯಿರಿ, ಗೌರವ ಇದೆ. ಆದ್ರೆ ಆಗಿರೋ ದೀಕ್ಷಾಸ್ನಾನವನ್ನ ಅಳಿಸೋಕೆ ಬರಬೇಡಿ. ನನ್ನನ್ನ ಕೇಳೋದಿದ್ರೆ "ಯಾವಾಗ ಮುಳುಗಿದೆ" ಅಂತ ಕೇಳಬೇಡಿ. "ನಿನ್ನ ಹೆಸರಲ್ಲಿ ಅಪ್ಪ ಅಮ್ಮ ಕೊಟ್ಟ ಮಾತಿನಂತೆ ಬದುಕ್ತಿದ್ದೀಯಾ" ಅಂತ ಕೇಳಿ. ಅದಕ್ಕೆ ಉತ್ತರ ಕೊಡೋದು ನಮ್ಮಿಬ್ಬರಿಗೂ ಕಷ್ಟನೇ.

ಒಪ್ಪದವರು ಕಾಮೆಂಟಲ್ಲಿ ಬನ್ನಿ. ಬೈಗುಳ ಬೇಡ, ವಚನ ತನ್ನಿ.

#ದೀಕ್ಷಾಸ್ನಾನ #ದೃಢೀಕರಣ #ಒಂದೇಸಲಸಾಕು