ಕೋವಿಗಿಂತ ಮೊದಲು ಗ್ರಂಥ

ಹಳೆಯ ವಸ್ತುಗಳನ್ನು ಕೂಡಿಡುವ ಅಭಿರುಚಿಯು ಗೃಹಸ್ಥರಲ್ಲಿ ಹಿಂದಿನಿಂದಲೂ ಉಂಟು. ಒಬ್ಬರಿಗೆ ನಾಣ್ಯಗಳಲ್ಲಿ ಆಸೆ, ಮತ್ತೊಬ್ಬರಿಗೆ ತಾಳೆಯ ಗರಿಗಳಲ್ಲಿ, ಇನ್ನು ಕೆಲವರಿಗೆ ಪೂರ್ವಕಾಲದ ಕತ್ತಿ ಕೋವಿಗಳಲ್ಲಿ. ಇವುಗಳಲ್ಲಿ ಕೋವಿಯ ಸಂಗ್ರಹವು ಬಹಳ ವೆಚ್ಚದ್ದು. ಮೋಸಕ್ಕೂ ಬಹಳ ಎಡೆಯುಳ್ಳದ್ದು. ಆದುದರಿಂದ ಇದಕ್ಕೆ ಕೈಹಾಕುವವರು ಮೊದಲು ಸಂಪಾದಿಸಬೇಕಾದುದು ಕೋವಿಯನ್ನೋ ಗ್ರಂಥವನ್ನೋ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಲು ಬಯಸುತ್ತೇವೆ. ಗ್ರಂಥವೇ ಮೊದಲು ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಕೋವಿಯ ಮೈಮೇಲೆ ಅಕ್ಷರಗಳೂ ಮುದ್ರೆಗಳೂ ಇರುವುವಷ್ಟೆ. ಅವುಗಳನ್ನು ಕಂಡಮಾತ್ರಕ್ಕೆ ಅರ್ಥವಾಯಿತೆಂದು ತಿಳಿಯತಕ್ಕದ್ದಲ್ಲ. ಚಕಮಕಿಯ ಕಲ್ಲನ್ನು ಕಚ್ಚಿಕೊಳ್ಳುವ ಕುದುರೆಯ ಪಕ್ಕದ ಉಕ್ಕಿನ ಫಲಕದ ಮೇಲೆ ‘ಟವರ್’ ಎಂಬ ಇಂಗ್ಲಿಷ್ ಮಾತು ಅನೇಕ ಕೋವಿಗಳಲ್ಲಿ ಕಾಣುತ್ತದೆ. ಲಂಡನ್ನಿನ ಟವರ್ ಕೋಟೆಯಲ್ಲಿಯೇ ಇದನ್ನು ಎರಕಹೊಯ್ದು ಬಡಿದು ಮಾಡಿದರೆಂದು ಮಾರುವವನು ಹೇಳುವನು, ಕೊಳ್ಳುವವನು ನಂಬುವನು. ವಾಸ್ತವದಲ್ಲಿ ನಳಿಗೆಯನ್ನೂ ಫಲಕವನ್ನೂ ಬರ್ಮಿಂಗ್‌ಹ್ಯಾಮ್ ಮೊದಲಾದ ಕಡೆಗಳ ಗುತ್ತಿಗೆದಾರರು ಮಾಡಿಕೊಡುತ್ತಿದ್ದರು. ಟವರಿನಲ್ಲಿ ಅವುಗಳ ಪರೀಕ್ಷೆ ನಡೆಯುತ್ತಿತ್ತು. ಪರದೇಶಗಳಿಗೆ ಮಾರುವುದಕ್ಕಾಗಿ ವರ್ತಕರು ಮಾಡಿಸಿದ ಕೋವಿಗಳ ಮೇಲೂ ಈ ಮಾತೇ ಬಿದ್ದಿದೆ. ಹಾವರ್ಡ್ ಬ್ಲ್ಯಾಕ್‌ಮೋರ್ ಎಂಬವರು 1961ರಲ್ಲಿ ಪ್ರಕಟಿಸಿದ ಬ್ರಿಟಿಷ್ ಸೈನಿಕ ಕೋವಿಗಳ ಗ್ರಂಥದಂತಹುದನ್ನು ಓದಿದವನು ಈ ಒಂದು ಮಾತಿಗೆ ಮರುಳಾಗನು.

ನಮ್ಮ ನಾಡಿಗೆ ಸಂಬಂಧಿಸಿದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಅಂದಿನ ಮುತ್ತಿಗೆಯಲ್ಲಿ ಕಂಪನಿಯ ಸಿಪಾಯಿಯೊಬ್ಬನು ಹಿಡಿದಿದ್ದ ಕೋವಿಯಿದು ಎಂದು ಒಂದನ್ನು ತಂದು ತೋರಿಸಿದರೆನ್ನಿ. ಫಲಕದ ಮೇಲೆ ಕಿರೀಟವನ್ನು ಹಿಡಿದು ನಿಂತ ಸಿಂಹದ ಮುದ್ರೆಯಿದೆ. ನೋಡುವುದಕ್ಕೆ ಅದು ರಾಜಗಂಭೀರವಾಗಿಯೇ ಇರುತ್ತದೆ. ಆದರೆ ಈಸ್ಟ್ ಇಂಡಿಯಾ ಕಂಪನಿಯವರು ಸಿಂಹದ ಗುರುತನ್ನು ತಮ್ಮ ಕೋವಿಗಳ ಮೇಲೆ ಹಾಕತೊಡಗಿದುದು 1808ರಿಂದ; ಅದಕ್ಕೆ ಹಿಂದೆ ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳಿದ್ದ ಮುದ್ರೆಯು ರೂಢಿಯಲ್ಲಿತ್ತು. ಎಂದ ಮೇಲೆ ಆ ಫಲಕವು ಶ್ರೀರಂಗಪಟ್ಟಣದ ಕಾಳಗವನ್ನು ಕಂಡಿರಲಾರದು. ಡೇವಿಡ್ ಹಾರ್ಡಿಂಗ್ ಎಂಬವರು ಕಂಪನಿಯ ಆಯುಧಗಳನ್ನು ಕುರಿತು 1997ರಿಂದ 1999ರವರೆಗೆ ನಾಲ್ಕು ಸಂಪುಟಗಳನ್ನು ಹೊರತಂದಿರುವರು. ಇಂತಹ ಗ್ರಂಥದ ಒಂದು ಪುಟವು ಮಾರುವವನ ಒಂದು ಗಂಟೆಯ ಕಥೆಯನ್ನು ಅಡಗಿಸಬಲ್ಲದು.

ಗ್ರಂಥವು ಸುಳ್ಳನ್ನು ಬಯಲುಮಾಡುವಂತೆಯೇ ನಿಜವನ್ನು ಉಳಿಸಿಯೂ ಕೊಡುತ್ತದೆ. ಟಿಪ್ಪುವಿನ ಕಾರ್ಖಾನೆಯ ಕೋವಿಯೊಂದರ ಮೇಲೆ 1224 ಎಂಬ ವರ್ಷವಿದೆಯೆಂದು ಭಾವಿಸಿರಿ. ಹಿಜರಿ ಶಕವೆಂದು ಎಣಿಸಿದರೆ ಅದು 1809 ಆಗುತ್ತದೆ. ಸುಲ್ತಾನನು ಮಡಿದು ಹತ್ತು ವರ್ಷಗಳಾದ ಮೇಲಿನ ಮಾತು. ‘ಇದು ಕೃತ್ರಿಮ’ವೆಂದು ಆ ಅಮೂಲ್ಯ ವಸ್ತುವನ್ನು ಬಿಸುಟುಬಿಡಬಹುದು. ಆದರೆ ಟಿಪ್ಪುವು 1787ರಿಂದ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಬಳಕೆಗೆ ತಂದನು. ಆ ಲೆಕ್ಕದಲ್ಲಿ 1224 ಎಂದರೆ ಸುಮಾರು 1796. ಈ ಶಕದ ಅಂಕಿಗಳನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಬರೆದಿರುವುದರಿಂದ ತಿಳಿಯದವರಿಗೆ ಗೊಂದಲವು ಇಮ್ಮಡಿಯಾಗುತ್ತದೆ. ಇದನ್ನು ಬಿಡಿಸುವುದಕ್ಕೆ ರಾಬಿನ್ ವಿಗಿಂಗ್ಟನ್ನರು 1992ರಲ್ಲಿ ಪ್ರಕಟಿಸಿದ ಟಿಪ್ಪುವಿನ ಕೋವಿಗಳ ಗ್ರಂಥವೂ ಬೇಕು. ಹೆಂಡರ್ಸನ್ನರು 1921ರಲ್ಲಿ ಬರೆದ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಗ್ರಂಥವೂ ನೆರವಾಗುತ್ತದೆ. ಕೋವಿಯ ಪ್ರಶ್ನೆಗೆ ನಾಣ್ಯದ ಪುಸ್ತಕದಲ್ಲಿ ಉತ್ತರವು ದೊರೆಯುವುದು ಈ ವಿದ್ಯೆಯ ಸೊಗಸು.

ಇನ್ನು ಕೃತ್ರಿಮದ ಮಾತು. ಭಾರತದ ವಾಯವ್ಯ ಗಡಿಯಾಚೆಯ ಕುಲುಮೆಗಳಲ್ಲಿ ಬ್ರಿಟಿಷ್ ಕೋವಿಗಳ ಅನುಕರಣಗಳನ್ನು ಬಹುಕಾಲದಿಂದ ಮಾಡುತ್ತ ಬಂದಿರುವರು. ಇಂಗ್ಲಿಷ್ ಓದಲರಿಯದ ಕಮ್ಮಾರನು ಅಕ್ಷರವನ್ನು ಚಿತ್ರದಂತೆ ನೋಡಿ ಕೊರೆಯುವುದರಿಂದ ಕೆಲವು ಅಕ್ಷರಗಳು ತಿರುಗುಮುರುಗಾಗಿರುತ್ತವೆ. ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳ ಕೆಳಗೆ ಅವಳು ತೀರಿಕೊಂಡ 1901ರ ಬಹಳ ಈಚಿನ ವರ್ಷವನ್ನು ಕೆತ್ತಿರುವುದೂ ಉಂಟು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೂ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ನಾವು ಓದುವ ಗ್ರಂಥವನ್ನು ವಂಚಕನೂ ಓದುವನು. ಟಿಪ್ಪುವಿನ ಹುಲಿಪಟ್ಟೆಯ ಚಿತ್ರವನ್ನು ನೋಡಿ ಬೇರೊಂದು ಕೋವಿಯ ಮೇಲೆ ಕೆತ್ತುವುದು ಕುಶಲಿಯಾದವನಿಗೆ ಅಸಾಧ್ಯವಲ್ಲ. ಆದಕಾರಣ ಹೊರಗಿನ ಅಲಂಕಾರವನ್ನಷ್ಟೇ ಪುಟದೊಡನೆ ಹೋಲಿಸಿ ತೃಪ್ತರಾಗಬಾರದು. ಫಲಕದ ಒಳಮೈ, ನಳಿಗೆಯ ಅಡಿಭಾಗ, ತಿರುಪುಗಳು, ಮರವು ಲೋಹಕ್ಕೆ ಕೂಡಿರುವ ಬಗೆ, ಚಕಮಕಿಯ ಕೋವಿಯನ್ನು ಮುಂದೆ ಕೇಪಿನ ಕೋವಿಯಾಗಿ ಮಾರ್ಪಡಿಸಿದ ಗುರುತು ಇವೆಲ್ಲವನ್ನೂ ನೋಡಬೇಕು. ಗ್ರಂಥವು ಸಾಕ್ಷಿ, ತೀರ್ಪು ನಮ್ಮದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ದೊಡ್ಡ ಗ್ರಂಥಗಳಿಗೆ ಬೆಲೆಯೂ ದೊಡ್ಡದೇ. ಆದರೆ ಎಗರ್ಟನ್ನನು 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿಯು ಈಗ ಅಂತರಜಾಲದ ಗ್ರಂಥಭಂಡಾರಗಳಲ್ಲಿ ಉಚಿತವಾಗಿ ಓದಲು ದೊರೆಯುತ್ತದೆ. ಆರಂಭಕ್ಕೆ ಅದು ಸಾಕು. ಸಂಗ್ರಾಹಕರು ಕಾನೂನನ್ನೂ ಓದಿಕೊಂಡಿರತಕ್ಕದ್ದು. 1959ರ ಆಯುಧ ಅಧಿನಿಯಮದ 45ನೆಯ ಪ್ರಕರಣದ ವಿನಾಯಿತಿಯು ದುರಸ್ತಿ ಮಾಡಿದರೂ ಪ್ರಯೋಗಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. ಹಳೆಯದೆಂಬ ಒಂದೇ ಕಾರಣದಿಂದ ಪರವಾನಗಿಯು ತಪ್ಪುವುದಿಲ್ಲ. 1972ರ ಪುರಾವಸ್ತುಗಳ ಅಧಿನಿಯಮದ ಮೇರೆಗೆ ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಕಡೆಯದಾಗಿ ಮನೆಯೊಡತಿಯರಿಗೂ ಒಂದು ಮಾತು. ಅಟ್ಟದ ಮೇಲೆ ತಾತನ ಕಾಲದ ಕೋವಿಯಿದ್ದರೆ ಅದನ್ನು ಮರಳುಕಾಗದದಿಂದ ಉಜ್ಜಿಸಬೇಡಿರಿ, ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಬೇಡಿರಿ. ನಳಿಗೆಯಲ್ಲಿ ಹಿಂದಿನವರು ತುಂಬಿದ ಮದ್ದು ಇನ್ನೂ ಉಳಿದಿರಬಹುದಾದುದರಿಂದ ಬಲ್ಲವರಿಂದ ಪರೀಕ್ಷಿಸಿರಿ. ಉಜ್ಜಿದ ಮುದ್ರೆಯು ಮತ್ತೆ ಬಾರದು. ಮುದ್ರೆಯು ಹೋದ ಮೇಲೆ ಯಾವ ಗ್ರಂಥವೂ ಆ ಕೋವಿಯ ಹೆಸರನ್ನು ಹೇಳಲಾರದು. ಅದರೊಡನೆ ನಿಮ್ಮ ಮನೆತನದ ಚರಿತ್ರೆಯ ಒಂದು ಎಲೆಯೂ ಹರಿದುಹೋಗುವುದು.