ಮೈನಸ್ 36ರಲ್ಲಿ ಕಾಣದ ಆಟಗಾರ

ಐಸ್ ಹಾಕಿಯಲ್ಲಿ ಹದಿಹರೆಯದ ಫಾರ್ವರ್ಡ್ ಒಬ್ಬನ ಬೆಳವಣಿಗೆಯನ್ನು ಅಂದಾಜು ಮಾಡುವುದು ಅಷ್ಟೇನೂ ಕಷ್ಟವಲ್ಲ; ಅವನು ಹೊಡೆಯುವ ಗೋಲುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ, ಎಣಿಕೆಗೂ ಸಿಗುತ್ತವೆ. ಗೋಲ್‌ಕೀಪರ್‌ನ ಮುಂದೆ ನಿಂತು ತಂಡದ ವಲಯವನ್ನು ಕಾಯುವ ಇಬ್ಬರು ಡಿಫೆಂಡರ್‌ಗಳ ವಿಷಯ ಹಾಗಲ್ಲ. ಡಿಫೆಂಡರ್ ತಡೆದ ದಾಳಿ ನಡೆಯದೇ ಹೋದ ದಾಳಿಯಾದ್ದರಿಂದ ಅದು ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಅವನು ಮಾಡಿದ ತಪ್ಪು ಮಾತ್ರ ಮರುಕ್ಷಣವೇ ಗೋಲಾಗಿ ಫಲಕದ ಮೇಲೆ ಮೂಡುತ್ತದೆ. ಫಾರ್ವರ್ಡ್ ಎಡವಿದರೆ ಅವನ ಹಿಂದೆ ಇಬ್ಬರು ಡಿಫೆಂಡರ್‌ಗಳಿರುತ್ತಾರೆ, ಡಿಫೆಂಡರ್ ಎಡವಿದರೆ ಹಿಂದೆ ಉಳಿಯುವುದು ಗೋಲ್‌ಕೀಪರ್ ಒಬ್ಬನೇ. ಈ ಅಸಮಾನತೆಯನ್ನು ಮರೆತು ಎಳೆಯ ಡಿಫೆಂಡರ್‌ಗಳ ಬಗ್ಗೆ ತೀರ್ಪು ಕೊಡುವ ಅಭ್ಯಾಸ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಬೇರೂರಿದ್ದು, ಅದರಿಂದ ಆಗುವ ಅನ್ಯಾಯವನ್ನು ಅರಿಯಲು ರಾಸ್ಮಸ್ ಡಾಲಿನ್ ಅವರ ಮೊದಲ ಐದು ಋತುಗಳಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಪಟ್ಟಣದಲ್ಲಿ 2000ದ ಏಪ್ರಿಲ್‌ನಲ್ಲಿ ಹುಟ್ಟಿದ ಡಾಲಿನ್, ಗೋಥೆನ್‌ಬರ್ಗ್ ನಗರದ ಫ್ರೊಲುಂಡಾ ಕ್ಲಬ್‌ನಲ್ಲಿ ವಯಸ್ಕರ ಜೊತೆ ಆಡುತ್ತಲೇ ಹೆಸರು ಮಾಡಿದವರು. 2018ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಶ್ರೇಷ್ಠ ಡಿಫೆಂಡರ್ ಎನಿಸಿಕೊಂಡ ಅವರನ್ನು, ಅದೇ ವರ್ಷದ ಜೂನ್‌ನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಅದೇ ಊರಿನ ತಂಡವಾದ ಬಫಲೊ ಸೇಬರ್ಸ್ ಮೊದಲ ಆಯ್ಕೆಯಾಗಿ ಪಡೆದುಕೊಂಡಿತು. ಡ್ರಾಫ್ಟ್ ಎಂದರೆ ಹದಿನೆಂಟರ ಆಸುಪಾಸಿನ ಆಟಗಾರರನ್ನು ಲೀಗ್‌ನ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪದ್ಧತಿ. ಮೊದಲ ಸರದಿ ಸಾಮಾನ್ಯವಾಗಿ ದುರ್ಬಲ ತಂಡಗಳಲ್ಲೊಂದಕ್ಕೆ ಒಲಿಯುವುದರಿಂದ, ಅತ್ಯಂತ ಪ್ರತಿಭಾವಂತ ಹುಡುಗ ಅತ್ಯಂತ ಕಷ್ಟದ ಮನೆಗೇ ಹೋಗಿ ಸೇರುತ್ತಾನೆ. ಬಫಲೊ ಅಂಥ ಮನೆಯಾಗಿತ್ತು. ಆದರೂ 2018–19ರ ಮೊದಲ ಋತುವಿನಲ್ಲಿ ಡಾಲಿನ್ 82 ಪಂದ್ಯಗಳಿಂದ 44 ಅಂಕ ಗಳಿಸಿದರು. ಗೋಲು ಹೊಡೆದರೂ ಗೋಲಿಗೆ ನೆರವಾದರೂ ಆಟಗಾರನಿಗೆ ಒಂದೊಂದು ಅಂಕ ಎಂಬುದು ಇಲ್ಲಿನ ಲೆಕ್ಕ. ಹದಿನೆಂಟರ ವಯಸ್ಸಿನ ಡಿಫೆಂಡರ್‌ಗಳ ಪೈಕಿ ಅದಕ್ಕಿಂತ ಹೆಚ್ಚು ಗಳಿಸಿದ್ದವರು 1982–83ರಲ್ಲಿ ಇದೇ ಬಫಲೊ ಪರ ಆಡಿ 66 ಅಂಕ ಪಡೆದಿದ್ದ ಫಿಲ್ ಹೌಸ್ಲಿ ಒಬ್ಬರೇ, ಮತ್ತು ಆ ಹೌಸ್ಲಿಯೇ ಆಗ ಡಾಲಿನ್ ಅವರ ಕೋಚ್ ಆಗಿದ್ದರು. ಈ ಆಟದ ಮಹಾನ್ ಡಿಫೆಂಡರ್ ಎಂದು ಎಲ್ಲರೂ ಒಪ್ಪುವ ಬಾಬಿ ಆರ್ ಕೂಡ ಆ ವಯಸ್ಸಿನಲ್ಲಿ, ಕಡಿಮೆ ಪಂದ್ಯಗಳನ್ನು ಆಡಿ, 41 ಅಂಕಕ್ಕೆ ನಿಂತಿದ್ದರು.

ಮೂರನೆಯ ಋತುವಿನ ಹೊತ್ತಿಗೆ ಎಲ್ಲವೂ ತಲೆಕೆಳಗಾಯಿತು. ಕೊರೊನಾ ಕಾರಣಕ್ಕೆ 56 ಪಂದ್ಯಗಳಿಗೆ ಇಳಿದಿದ್ದ 2020–21ರ ಋತುವಿನಲ್ಲಿ ಬಫಲೊ ಸತತ 18 ಪಂದ್ಯಗಳಲ್ಲಿ ಗೆಲುವನ್ನೇ ಕಾಣದೆ ಲೀಗ್‌ನ ಕೊನೆಯ ಸ್ಥಾನಕ್ಕೆ ಕುಸಿಯಿತು, ನಾಯಕ ಜಾಕ್ ಐಕೆಲ್ ಕುತ್ತಿಗೆಯ ಗಾಯದಿಂದ ಹೊರಗುಳಿದರು, ಹೌಸ್ಲಿಯ ನಂತರ ಬಂದಿದ್ದ ಕೋಚ್ ರಾಲ್ಫ್ ಕ್ರೂಗರ್ ಅವರನ್ನು ಮಾರ್ಚ್‌ನಲ್ಲಿ ಕೈಬಿಡಲಾಯಿತು. ಡಾಲಿನ್ ಗಳಿಸಿದ್ದು 23 ಅಂಕ. ಪ್ಲಸ್–ಮೈನಸ್ ಎಂಬ ಅಂಕಣದಲ್ಲಿ ಅವರ ಹೆಸರಿನ ಮುಂದೆ ಮೈನಸ್ 36 ಎಂದು ದಾಖಲಾಯಿತು. ಇಪ್ಪತ್ತೊಂದನೆಯ ಹುಟ್ಟುಹಬ್ಬದ ಆಚೀಚೆಯಲ್ಲಿದ್ದ ಹುಡುಗನ ಬಗ್ಗೆ, ಅವನು ಮೊದಲ ಆಯ್ಕೆಗೆ ತಕ್ಕವನಾಗಿದ್ದನೇ, ರಕ್ಷಣೆಯೇ ತಿಳಿಯದ ಡಿಫೆಂಡರ್ ಅಲ್ಲವೇ ಎಂಬ ಮಾತುಗಳು ಗಟ್ಟಿಯಾಗಿಯೇ ಕೇಳಿಬಂದವು.

ಆ ಮಾತುಗಳಿಗೆ ಆಧಾರವಾದ ಸಂಖ್ಯೆ ಹೇಗೆ ಹುಟ್ಟುತ್ತದೆಂಬುದನ್ನು ನೋಡಬೇಕು. ಎರಡೂ ತಂಡಗಳು ಸಮಬಲದಲ್ಲಿ ಆಡುತ್ತಿರುವಾಗ ತನ್ನ ತಂಡ ಗೋಲು ಹೊಡೆದರೆ ಆ ಹೊತ್ತಿಗೆ ಮಂಜಿನ ಅಂಗಣದ ಮೇಲಿದ್ದ ಪ್ರತಿ ಆಟಗಾರನಿಗೂ ಒಂದು ಪ್ಲಸ್, ಗೋಲು ಬಿಟ್ಟುಕೊಟ್ಟರೆ ಒಂದು ಮೈನಸ್ ಎಂಬುದು ಸ್ಥೂಲವಾಗಿ ಇದರ ನಿಯಮ. ಎದುರಾಳಿ ಶಿಕ್ಷೆಗೊಳಗಾಗಿ ಒಬ್ಬ ಆಟಗಾರನನ್ನು ಕಳೆದುಕೊಂಡಿರುವ ಅವಧಿಗೆ ಇಲ್ಲಿ ಪವರ್ ಪ್ಲೇ ಎಂದು ಹೆಸರು. ಆಗ ಹೊಡೆದ ಗೋಲಿಗೆ ಪ್ಲಸ್ ಸಿಗದಿರುವುದರಿಂದ, ಆ ಅವಧಿಯಲ್ಲೇ ಹೆಚ್ಚು ಪರಿಣಾಮಕಾರಿಯಾದ ಡಾಲಿನ್‌ರಂಥ ಆಟಗಾರನ ದೊಡ್ಡ ಕೊಡುಗೆ ಈ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನು ಹಿಂದಕ್ಕೆ ಕರೆಸಿ ಆ ಜಾಗದಲ್ಲಿ ಆರನೆಯ ದಾಳಿಕಾರನನ್ನು ಇಳಿಸುತ್ತದೆ, ಆಗ ದಾಳಿ ಕಟ್ಟಬಲ್ಲ ಅತ್ಯುತ್ತಮ ಡಿಫೆಂಡರ್‌ನನ್ನೇ ಅಂಗಣಕ್ಕೆ ಕಳಿಸುತ್ತದೆ, ಎದುರಾಳಿ ಖಾಲಿ ಗೋಲಿಗೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ದೂರದಿಂದಲೇ ತಳ್ಳಿದರೆ ಆ ಮೈನಸ್ ಕೂಡ ಅವನ ಲೆಕ್ಕಕ್ಕೇ ಸೇರುತ್ತದೆ. ದಿನವೂ ಸೋಲುವ ತಂಡದಲ್ಲಿ ಹೆಚ್ಚು ನಂಬಿಕೆಗೆ ಪಾತ್ರನಾದವನೇ ಹೆಚ್ಚು ಮೈನಸ್‌ಗಳನ್ನು ಹೊರುತ್ತಾನೆ. ಈ ಕುಂದನ್ನು ತುಂಬಲೆಂದು ಬಂದ ಕೋರ್ಸಿ ಎಂಬ ಅಳತೆ, ಆಟಗಾರನಿರುವಾಗ ಎರಡೂ ಕಡೆಯಿಂದ ನಡೆದ ಗೋಲು ಯತ್ನಗಳನ್ನೆಲ್ಲ, ಗುರಿ ತಪ್ಪಿದವನ್ನೂ ತಡೆಯಲ್ಪಟ್ಟವನ್ನೂ ಸೇರಿಸಿ ಎಣಿಸುತ್ತದೆ. ಅದಕ್ಕೆ ಹೆಸರು ಕೊಟ್ಟ ಜಿಮ್ ಕೋರ್ಸಿ ಇದೇ ಬಫಲೊ ತಂಡದ ಗೋಲ್‌ಕೀಪಿಂಗ್ ಕೋಚ್ ಆಗಿದ್ದವರು. ಇದು ಪ್ಲಸ್–ಮೈನಸ್‌ಗಿಂತ ಮೇಲೇ ಸರಿ, ಆದರೆ ಜೊತೆಗಾರರು ಯಾರು, ಎದುರಾಳಿಗಳು ಯಾರು, ಕೋಚ್ ಕೊಟ್ಟ ಸೂಚನೆ ಏನು ಎಂಬುದನ್ನು ಅದೂ ತಾನಾಗಿ ಹೇಳುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಎಲ್ಲಿ? ಡಿಫೆಂಡರ್‌ನ ಕಸುಬಿನ ತಿರುಳು ಪ್ರತಿ ಪಂದ್ಯದಲ್ಲೂ ಮತ್ತೆ ಮತ್ತೆ ಎದುರಾಗುವ, ಎರಡು ಮೂರು ಸೆಕೆಂಡುಗಳಲ್ಲಿ ಮುಗಿದುಹೋಗುವ ಒಂದು ಕೆಲಸದಲ್ಲಿದೆ. ಎದುರಾಳಿ ತಂಡ ಪಕ್ಕನ್ನು ಅಂಗಣದ ಮೂಲೆಗೆ ಎಸೆದು ಅದರ ಬೆನ್ನಿಗೇ ಒಬ್ಬಿಬ್ಬರು ಫಾರ್ವರ್ಡ್‌ಗಳನ್ನು ಅಟ್ಟುತ್ತದೆ. ಡಿಫೆಂಡರ್ ತನ್ನದೇ ಗೋಲಿನ ಪಕ್ಕದ ಗೋಡೆಗೆ ಮುಖಮಾಡಿ, ದಾಳಿಕಾರರಿಗೆ ಬೆನ್ನು ಕೊಟ್ಟು, ಆ ಬಿಲ್ಲೆಯನ್ನು ತರಲು ಓಡುತ್ತಾನೆ. ಪಕ್ ಕೋಲಿಗೆ ತಾಗುವ ಮೊದಲೇ ಅವನು ಎಷ್ಟು ಸಲ ಹೆಗಲ ಮೇಲಿಂದ ಹಿಂದಿರುಗಿ ನೋಡಿದ, ಬೆನ್ನಟ್ಟಿ ಬರುತ್ತಿರುವವನು ಎಡಭುಜದ ಕಡೆ ಇದ್ದಾನೋ ಬಲಭುಜದ ಕಡೆಯೋ ಎಂಬುದನ್ನು ಅರಿತು ಯಾವ ಕಡೆಗೆ ಸುಳ್ಳು ತಿರುವು ಕೊಟ್ಟ, ಬಿಲ್ಲೆ ಸಿಕ್ಕೊಡನೆ ಗೋಡೆಗುಂಟ ಕುರುಡಾಗಿ ಹೊಡೆದು ಕೈತೊಳೆದುಕೊಂಡನೋ ಅಥವಾ ಮೈಗೆ ಮೈ ಬೀಳುವ ಆ ಅರೆಗಳಿಗೆಯ ತನಕ ಕಾದು ಜೊತೆಗಾರನ ಕೋಲಿಗೆ ನೇರವಾಗಿ ಮುಟ್ಟಿಸಿದನೋ ಎಂಬುದರಲ್ಲಿ ಅವನ ಬೆಳವಣಿಗೆಯ ಬಹುಪಾಲು ಅಡಗಿದೆ. ಸ್ವೀಡನ್ನಿನ ಲೀಗ್ ಆಟಗಳು ನಡೆಯುವ ಅಂಗಣ ಸುಮಾರು 30 ಮೀಟರ್ ಅಗಲ, ಎನ್‌ಎಚ್‌ಎಲ್ ಅಂಗಣದ ಅಗಲ 85 ಅಡಿ, ಅಂದರೆ 26 ಮೀಟರಿಗೂ ಕಡಿಮೆ. ಅಲ್ಲಿ ಕಲಿತ ಹುಡುಗನಿಗೆ ಇಲ್ಲಿನ ಮೂಲೆಯಲ್ಲಿ ಯೋಚಿಸಲು ಸಿಗುವ ವೇಳೆ ಕಡಿಮೆ, ಮೈಮೇಲೆ ಬೀಳುವವರು ಮಾತ್ರ ಹೆಚ್ಚು ಗಟ್ಟಿಗರು ಮತ್ತು ಹೆಚ್ಚು ಚುರುಕಿನವರು.

ಈ ಕೆಲಸವನ್ನು ಕಲಿಯುವವನು ತಪ್ಪದೆ ತಪ್ಪುತ್ತಾನೆ, ಆದರೆ ಎಲ್ಲ ತಪ್ಪೂ ಒಂದೇ ಜಾತಿಯದಲ್ಲ. ಜೊತೆಗಾರ ನಿಂತಿರುವ ಜಾಗವನ್ನು ಸರಿಯಾಗಿಯೇ ಕಂಡು, ಕೊಡಬೇಕಾದ ಪಾಸನ್ನೇ ಕೊಡಹೋಗಿ, ಅದು ಅರ್ಧ ಅಡಿ ಹಿಂದೆ ಬಿದ್ದು ಎದುರಾಳಿಯ ಪಾಲಾದರೆ ಅದು ಕೈಯ ತಪ್ಪು, ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದದ್ದು. ಎದುರಾಳಿ ಎಲ್ಲಿದ್ದಾನೆಂಬುದನ್ನೇ ಕಾಣದೆ ಅವನ ಕಾಲಬುಡಕ್ಕೆ ಬಿಲ್ಲೆ ಒಪ್ಪಿಸಿದರೆ ಅದು ನೋಟದ ತಪ್ಪು. ಋತುಗಳು ಉರುಳಿದರೂ ಅದು ಕಡಿಮೆಯಾಗದಿದ್ದರೆ ಚಿಂತಿಸಬೇಕಾಗುತ್ತದೆ. ಇವೆರಡಕ್ಕಿಂತ ಹೆಚ್ಚು ಭಯಪಡಬೇಕಾದ ಮೂರನೆಯ ಸ್ಥಿತಿಯೊಂದಿದೆ: ತಪ್ಪು ಮಾಡಬಾರದೆಂಬ ಅಳುಕಿನಿಂದ ಆಟಗಾರ ಏನನ್ನೂ ಪ್ರಯತ್ನಿಸದೆ, ಸಿಕ್ಕ ಬಿಲ್ಲೆಯನ್ನೆಲ್ಲ ಗೋಡೆಗೆ ಹೊಡೆದು ಹಗುರಾಗುವುದು. ಅಂಥವನ ತಪ್ಪಿನ ಲೆಕ್ಕ ಕೆಲಕಾಲ ಕಡಿಮೆ ಕಾಣಬಹುದು, ಬೆಳವಣಿಗೆಯಂತೂ ನಿಂತಿರುತ್ತದೆ. ಡಾಲಿನ್ ಅವರ ಮೂರನೆಯ ಋತುವಿನ ಮೊದಲರ್ಧದಲ್ಲಿ ಕಂಡದ್ದು ಈ ಅಳುಕಿನ ನೆರಳು. ಎಚ್ಚರಿಕೆಗೆ ಒತ್ತುಕೊಟ್ಟ ಆಟದ ಚೌಕಟ್ಟಿನೊಳಗೆ, ಪಕ್ ಹಿಡಿದು ಮುನ್ನುಗ್ಗುವುದೇ ಸ್ವಭಾವವಾಗಿದ್ದ ಹುಡುಗ ಹಿಂಜರಿಯತೊಡಗಿದ್ದ. ಅದನ್ನು ಅವರ ಅಸಾಮರ್ಥ್ಯವೆಂದು ಓದಿದ್ದು ದೊಡ್ಡ ತಪ್ಪಾಗಿತ್ತು.

ಮಾರ್ಚ್ 2021ರಲ್ಲಿ ತಂಡದ ಹೊಣೆ ಹೊತ್ತ ಡಾನ್ ಗ್ರನಾಟೊ, ಡಾಲಿನ್ ಅವರಿಗೆ ಮುನ್ನುಗ್ಗುವ ಸ್ವಾತಂತ್ರ್ಯವನ್ನೂ, ತಪ್ಪಿದ ಮೇಲೂ ಬೆಂಚಿಗೆ ಅಂಟದೆ ಮರಳಿ ಅಂಗಣಕ್ಕಿಳಿಯುವ ಭರವಸೆಯನ್ನೂ ಕೊಟ್ಟರು. ಮುಂದಿನ ಋತುವಿನಲ್ಲಿ ಅಂಕ 53ಕ್ಕೂ, ಅದರ ಮುಂದಿನ 2022–23ರಲ್ಲಿ 78 ಪಂದ್ಯಗಳಿಂದ 73ಕ್ಕೂ ಏರಿತು. ಪ್ರತಿ ಪಂದ್ಯದ 60 ನಿಮಿಷಗಳಲ್ಲಿ ಅವರು ಆಡುವ ಅವಧಿ ಮೊದಲ ಋತುವಿನ 21 ನಿಮಿಷಗಳಿಂದ 25 ನಿಮಿಷಗಳಾಚೆಗೆ ಬೆಳೆಯಿತು. ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳನ್ನು ತಡೆಯುವ ಕೆಲಸವೂ ಅವರ ಹೆಗಲಿಗೇ ಬಂತು. ಇದರಲ್ಲಿ ಮಟಿಯಾಸ್ ಸ್ಯಾಮುವೆಲ್ಸನ್ ಅವರ ಪಾಲನ್ನು ಮರೆಯಬಾರದು. ಎತ್ತರದ, ಗಟ್ಟಿ ಮೈಕಟ್ಟಿನ, ಹಿಂದೆಯೇ ನಿಂತು ಗೋಲು ಕಾಯುವ ಈ ಜೊತೆಗಾರನಿದ್ದ ಕಾರಣಕ್ಕೇ ಡಾಲಿನ್ ನಿಶ್ಚಿಂತೆಯಿಂದ ಮುಂದೆ ನುಗ್ಗಬಲ್ಲವರಾದರು. ಡಿಫೆಂಡರ್‌ಗಳು ಜೋಡಿಯಾಗಿ ಆಡುವವರಾದ್ದರಿಂದ, ಜೋಡಿ ಯಾರೆಂದು ಕೇಳದೆ ಒಬ್ಬನನ್ನು ಅಳೆಯುವುದು ಒಂಟೆತ್ತಿನ ಉಳುಮೆ ನೋಡಿ ಎತ್ತಿನ ಬೆಲೆ ಕಟ್ಟಿದ ಹಾಗೆ. 2021ರಲ್ಲಿ ಡಾಲಿನ್ ಅವರೊಂದಿಗೆ ಮೂರು ವರ್ಷಕ್ಕೆ 1.8 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿದ್ದ ತಂಡ, 2023ರ ಅಕ್ಟೋಬರ್‌ನಲ್ಲಿ ಎಂಟು ವರ್ಷಕ್ಕೆ 8.8 ಕೋಟಿ ಡಾಲರ್ ಕೊಡಲು ಮುಂದಾಯಿತು. 2024ರಲ್ಲಿ ಡಾಲಿನ್ ನಾಯಕರಾದರು.

ಈ ಆಟದ ವಲಯದಲ್ಲಿ, ಡಿಫೆಂಡರ್ ಒಬ್ಬನ ನಿಜವಾದ ಬೆಲೆ ತಿಳಿಯಲು ಸುಮಾರು 300 ಪಂದ್ಯಗಳಾದರೂ ಬೇಕೆಂಬ ಮಾತು ಬಳಕೆಯಲ್ಲಿದೆ. ಅದನ್ನು ಸೂತ್ರವೆಂದು ಹಿಡಿಯಬೇಕಾಗಿಲ್ಲವಾದರೂ ಇತಿಹಾಸ ಅದರ ಪರವಾಗಿಯೇ ಇದೆ. 2009ರ ಎರಡನೆಯ ಆಯ್ಕೆಯಾಗಿದ್ದ ವಿಕ್ಟರ್ ಹೆಡ್‌ಮನ್ ಮೊದಲ ನಾಲ್ಕು ಋತುಗಳಲ್ಲಿ ಒಮ್ಮೆಯೂ 30 ಅಂಕ ಮುಟ್ಟಲಿಲ್ಲ, ಐದನೆಯದರಲ್ಲಿ 55ಕ್ಕೆ ಜಿಗಿದರು, ಒಂಬತ್ತನೆಯದರಲ್ಲಿ ವರ್ಷದ ಶ್ರೇಷ್ಠ ಡಿಫೆಂಡರ್‌ಗೆ ಸಲ್ಲುವ ನಾರಿಸ್ ಟ್ರೋಫಿ ಪಡೆದರು. ಏಳು ಬಾರಿ ಅದೇ ಟ್ರೋಫಿ ಗೆದ್ದ ನಿಕ್ಲಾಸ್ ಲಿಡ್‌ಸ್ಟ್ರೋಮ್ ಅವರಿಗೆ ಮೊದಲನೆಯದು ಸಿಕ್ಕಾಗ ಮೂವತ್ತು ದಾಟಿತ್ತು. 206 ಸೆಂಟಿಮೀಟರ್ ಎತ್ತರದ ಜಡೆನೊ ಚಾರಾ ಅವರನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ 2001ರಲ್ಲಿ, ಬೆಳವಣಿಗೆಯ ನಡುಹಾದಿಯಲ್ಲೇ, ಒಟ್ಟಾವಕ್ಕೆ ಬಿಟ್ಟುಕೊಟ್ಟಿತು. ಎಂಟು ವರ್ಷಗಳ ನಂತರ ಅವರು ಬಾಸ್ಟನ್ ಪರ ಆಡುತ್ತ ನಾರಿಸ್ ಟ್ರೋಫಿಯನ್ನೂ, 2011ರಲ್ಲಿ ಆ ತಂಡದ ನಾಯಕರಾಗಿ ಲೀಗ್‌ನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್ಪನ್ನೂ ಎತ್ತಿ ಹಿಡಿದರು.

ಹಾಗೆಂದು ಕಾದರೆ ಎಲ್ಲ ಕಾಯಿಯೂ ಹಣ್ಣಾಗುತ್ತದೆ ಎಂದು ವಾದಿಸಿದರೆ ಅದು ಆಟಗಾರರಿಗೂ ತಂಡಗಳಿಗೂ ಮಾಡುವ ಮೋಸವಾಗುತ್ತದೆ. 2012ರಲ್ಲಿ ನಾಲ್ಕನೆಯ ಆಯ್ಕೆಯಾಗಿದ್ದ ಗ್ರಿಫಿನ್ ರೈನ್‌ಹಾರ್ಟ್ ಕೆನಡಾದ ಜೂನಿಯರ್ ಹಾಕಿಯಲ್ಲಿ ಎತ್ತರ, ಬಲ ಮತ್ತು ಸಮಚಿತ್ತದ ಆಟಕ್ಕೆ ಹೆಸರಾಗಿದ್ದವರು, 2014ರಲ್ಲಿ ಮೆಮೋರಿಯಲ್ ಕಪ್ ಗೆದ್ದ ಎಡ್ಮಂಟನ್ ತಂಡದಲ್ಲಿದ್ದವರು. ಆದರೆ ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು 37 ಪಂದ್ಯ ಮಾತ್ರ. ಎದುರಾಳಿಯನ್ನು ಕೋಲಿನಿಂದಲೂ ಕೈಯಿಂದಲೂ ಹಿಡಿದು ನಿಧಾನಗೊಳಿಸುವುದಕ್ಕೆ 2005ರಿಂದ ಕಟ್ಟುನಿಟ್ಟಾಗಿ ಶಿಕ್ಷೆ ವಿಧಿಸತೊಡಗಿದ ಮೇಲೆ, ಬರೀ ಮೈಕಟ್ಟಿನ ಬಲದಿಂದ ಗೋಲು ಕಾಯುವ ಕಾಲ ಮುಗಿದು, ಕಾಲಿನ ಚುರುಕಿಲ್ಲದವನಿಗೆ ಮೂಲೆಯಲ್ಲಿ ಯೋಚಿಸುವ ಅವಕಾಶವೇ ಸಿಗದಂತಾಗಿದೆ. ಜೂನಿಯರ್ ಮಟ್ಟದಲ್ಲಿ ತನಗಿಂತ ಚಿಕ್ಕವರ ಮುಂದೆ ಶಾಂತವಾಗಿ ಕಂಡ ಆಟ, ವೇಗ ಏರಿದಾಗ ತಡವಾದ ಆಟವಾಗಿಬಿಡಬಹುದು. ತಾಳ್ಮೆ ಬೇಕಿರುವುದು ಅಂಕಗಳ ಬಗ್ಗೆ ಮತ್ತು ಕೈಯ ತಪ್ಪುಗಳ ಬಗ್ಗೆ. ಕಾಲಿನ ವೇಗ ಮತ್ತು ನೋಟದ ಬಗ್ಗೆ ಮೊದಲ ದಿನದಿಂದಲೇ ನಿಷ್ಠುರವಾಗಿರುವುದು ನ್ಯಾಯ.

ಬಫಲೊದಲ್ಲಿ ಈಗ ಇದೇ ಪರೀಕ್ಷೆ ಎದುರಿಸುತ್ತಿರುವವರು 2021ರ ಮೊದಲ ಆಯ್ಕೆಯಾದ ಓವನ್ ಪವರ್. 198 ಸೆಂಟಿಮೀಟರ್ ಎತ್ತರವಿದ್ದೂ ಹಗುರವಾಗಿ ಸ್ಕೇಟ್ ಮಾಡುವ, ಮೊದಲ ಪೂರ್ಣ ಋತುವಿನಲ್ಲಿ 35 ಅಂಕ ಗಳಿಸಿ ವರ್ಷದ ಹೊಸ ಆಟಗಾರನ ಪ್ರಶಸ್ತಿಯ ಅಂತಿಮ ಮೂವರಲ್ಲಿ ಒಬ್ಬರಾಗಿದ್ದ ಈ ಕೆನಡಿಗನ ಮೇಲೆ, ಅಷ್ಟು ದೊಡ್ಡ ಮೈಯಿದ್ದೂ ಅದನ್ನು ಬಳಸುವುದಿಲ್ಲವೆಂಬ ದೂರು ಇದೆ. ಆ ದೂರಿನಲ್ಲಿ ಹುರುಳಿಲ್ಲವೆಂದಲ್ಲ, ಗೋಲಿನ ಮುಂದೆ ಎದುರಾಳಿಯನ್ನು ಸರಿಸಿ ಹಾಕುವುದೂ ಡಿಫೆಂಡರ್‌ನ ಕರ್ತವ್ಯವೇ. ಆದರೆ ಅವರ ಅಳತೆ ಮೈ ತಾಗಿಸಿದ ಎಣಿಕೆಯಿಂದ ಶುರುವಾಗಬೇಕಿಲ್ಲ. ಮೂಲೆಗೆ ಬಿದ್ದ ಬಿಲ್ಲೆಯನ್ನು ಎದುರಾಳಿಗಿಂತ ಮೊದಲು ಮುಟ್ಟುವುದು ಎಷ್ಟು ಸಲ, ಮುಟ್ಟುವ ಮುನ್ನ ಹೆಗಲ ಮೇಲಿಂದ ನೋಡುವುದು ಎಷ್ಟು ಸಲ, ಅದು ತನ್ನ ವಲಯದ ಅಂಚಿನ ನೀಲಿ ಗೆರೆ ದಾಟಿ ತನ್ನ ತಂಡದವನ ಕೋಲಿಗೆ ಸೇರುವುದು ಎಷ್ಟು ಸಲ, ಮತ್ತು ಆ ಹೊತ್ತಿಗೆ ಪಕ್ಕದಲ್ಲಿ ಜೋಡಿಯಾಗಿ ಆಡುತ್ತಿದ್ದವರು ಯಾರು ಎಂಬುದನ್ನು ಒಂದು ಪಂದ್ಯದಲ್ಲಲ್ಲ, ಒಂದಿಡೀ ಋತುವಿನ ಉದ್ದಕ್ಕೂ ಬರೆದಿಡುತ್ತ ಹೋದವರ ಬಳಿ ಮಾತ್ರ ಪವರ್ ಅವರ ಬಗ್ಗೆ ಹೇಳಲು ಏನಾದರೂ ಇರುತ್ತದೆ.