ಮೈಲುತುತ್ತದ ಪೀಪಾಯಿ ಮತ್ತು ಥರ್ಮಾಕೋಲಿನ ಜ್ವಾಲಾಮುಖಿ

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಶುಕ್ರವಾರ ಬೋರ್ಡಿನ ಮೇಲೆ ಒಂದು ಸಾಲು ಬರೀತಾರೆ: ಸೋಮವಾರ ಎಲ್ಲರೂ ಪ್ರಾಜೆಕ್ಟ್ ತರಬೇಕು. ಪೇಟೆಯ ಹುಡುಗ ಸಂಜೆಯೇ ಅಪ್ಪನ ಜೊತೆ ಅಂಗಡಿಗೆ ಹೋಗ್ತಾನೆ. ಥರ್ಮಾಕೋಲು, ಬಣ್ಣ, ಮಿಂಚಿನ ಕಾಗದ, ನೆಟ್‌ನಿಂದ ತೆಗೆಸಿದ ಚಿತ್ರ ಎಲ್ಲಾ ಬರ್ತದೆ. ಕಾಫಿ ತೋಟದ ಲೈನ್ ಮನೆಯ ಹುಡುಗಿ ತಾಯಿಯ ಬಟವಾಡೆಗೆ ಕಾಯಬೇಕು. ಬಟವಾಡೆ ಬಂದರೂ ಮೊದಲು ಅಕ್ಕಿ, ಆಮೇಲೆ ಸಾಲ, ಕೊನೆಗೆ ಚಾರ್ಟು. ಹಾಸ್ಟೆಲಿನ ಹುಡುಗನಿಗೆ ಕೇಳೋದಕ್ಕೆ ಹತ್ತಿರದಲ್ಲಿ ಅಪ್ಪನೂ ಇಲ್ಲ.

ಇದು ಸಣ್ಣ ಮಾತು ಅಂತ ಅನ್ನಬೇಡಿ. ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ 80 ಅಂಕ ಬರವಣಿಗೆಯ ಪರೀಕ್ಷೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ ಇಪ್ಪತ್ತರಲ್ಲಿ ಪ್ರಾಜೆಕ್ಟು, ಚಟುವಟಿಕೆಗಳೂ ಸೇರಿವೆ. ಬಾಯಿಪಾಠದ ಒಂದೇ ಪರೀಕ್ಷೆಯಿಂದ ಮಕ್ಕಳನ್ನು ಬಿಡಿಸಬೇಕು, ಕೈಯಿಂದ ಮಾಡಿ ಕಲಿಯಬೇಕು ಅಂತಲೇ ಇದನ್ನು ತಂದದ್ದು. ಉದ್ದೇಶ ಒಳ್ಳೆಯದು. ಆದರೆ ಕೈ ನೋಡೋ ಬದಲು ಜೇಬು ನೋಡಿದರೆ ಏನಾಗ್ತದೆ?

ನಮ್ಮಲ್ಲೊಬ್ಬಳ ಕಥೆ ಹೇಳ್ತೇವೆ. ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಸ್ಥಾನಪಲ್ಲಟ ಕ್ರಿಯೆ ಬರ್ತದೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಮೊಳೆಯ ಮೇಲೆ ಕೆಂಪು ಕಂದು ಬಣ್ಣದ ತಾಮ್ರ ಕೂರ್ತದೆ. ಇದನ್ನು ಓದಿದ ಕೂಡಲೆ ಅವಳಿಗೆ ಅಪ್ಪನ ಕತ್ತಿ ನೆನಪಾಯ್ತು. ಕೊಡಗಿನ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕದಡಿ ಸೇರಿಸಿದ ಮೇಲೆ ಅವಳಪ್ಪ ಕತ್ತಿಯ ಅಲಗನ್ನು ಅದ್ದಿ ತೆಗೆದು ನೋಡ್ತಾನೆ. ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಎಲೆ ಸುಟ್ಟೀತು, ಇನ್ನಷ್ಟು ಸುಣ್ಣ ಹಾಕಬೇಕು. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕದಡಬಾರದು, ಪ್ಲಾಸ್ಟಿಕ್ ಪೀಪಾಯಿಯೇ ಬೇಕು ಅಂತಲೂ ಅವನಿಗೆ ಗೊತ್ತು. ಮೊಳೆ, ಕತ್ತಿ, ಡ್ರಮ್ಮು ಮೂರೂ ಒಂದೇ ಪಾಠ.

ಅವಳು ಇದನ್ನೆಲ್ಲಾ ನೋಟ್ ಪುಸ್ತಕದ ಎರಡು ಹಾಳೆಯಲ್ಲಿ ಬರೆದು ಕೊಟ್ಟಳು. 'ಇದೇನು ಪ್ರಾಜೆಕ್ಟಾ? ಚಾರ್ಟ್ ಎಲ್ಲಿ?' ಅಂತ ಹಾಳೆ ವಾಪಸ್ ಬಂತು. ಪೂರ್ತಿ ಅಂಕ ಹೋದದ್ದು ಥರ್ಮಾಕೋಲಿನ ಜ್ವಾಲಾಮುಖಿಗೆ. ಸೋಡಾಪುಡಿಗೆ ಹುಳಿ ಬಿಟ್ಟರೆ ನೊರೆ ಉಕ್ಕುತ್ತಲ್ಲ, ಅದೇ. ಪ್ರದರ್ಶನದ ದಿನ ಅತಿಥಿಗಳ ಮುಂದೆ ಮಾತಾಡಿದ್ದು ಬೇರೆಯವರು. ಬೆಂಚು ಹೊತ್ತವರು, ಕಸ ಗುಡಿಸಿದವರು ಯಾರು ಅಂತ ನಾವು ಹೇಳಬೇಕಾಗಿಲ್ಲ.

ಕೊಡಗಿನಲ್ಲಿ ಜ್ವಾಲಾಮುಖಿ ಇಲ್ಲ. ಆದರೆ 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳೇ ಜಾರಿ ಬಂದವು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿಯಿತು. ಮಣ್ಣು ಎಷ್ಟು ನೀರು ಕುಡೀತದೆ, ಇಳಿಜಾರು ಕಡಿದರೆ ಏನಾಗ್ತದೆ ಅನ್ನೋದು ನಮ್ಮ ಮಕ್ಕಳಿಗೆ ಸಾವು ಬದುಕಿನ ಪಾಠ. ತೋಟದ ಬಂಗಲೆಗಳಲ್ಲಿ ತಲೆಮಾರಿನಿಂದ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡ್ತಾರೆ. ಲೈನಿನ ಸೂರಿನಿಂದ ಸೋರುವ ನೀರನ್ನು ಯಾರು ಅಳೆದಿದ್ದಾರೆ? ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ ಸಾಕು. ಒಂದು ಚದರ ಮೀಟರ್ ಜಾಗದಲ್ಲಿ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲೀಟರ್ ನೀರು. 20 ಚದರ ಮೀಟರಿನ ಮಾಡಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಸುರಿದರೆ ಎರಡು ಸಾವಿರ ಲೀಟರ್. ಇಷ್ಟು ನೀರು ಬೀಳೋ ಕಡೆ ಬೇಸಿಗೆಯಲ್ಲಿ ನಮ್ಮ ತಾಯಂದಿರು ಕೊಡ ಹಿಡಿದು ನಿಲ್ಲೋದು ಯಾಕೆ? ಲೆಕ್ಕ ಮಾಡಿದ ಮಗು ಈ ಪ್ರಶ್ನೆ ಕೇಳಿಯೇ ಕೇಳ್ತದೆ. ಅದೇ ವಿಜ್ಞಾನ.

ಇಲ್ಲೊಂದು ಎಚ್ಚರಿಕೆ ಬೇಕು. ಅಪ್ಪನ ಕೆಲಸವನ್ನೇ ಮಗಳ ಪ್ರಾಜೆಕ್ಟ್ ಮಾಡಿ, 'ನಿಮಗೆ ಇದೇ ಸರಿ, ಇಲ್ಲೇ ಇರಿ' ಅಂದರೆ ಅದು ಹಳೆಯ ವರ್ಣಾಶ್ರಮವೇ ಹೊಸ ವೇಷದಲ್ಲಿ ಬಂದಂತೆ. ಅದನ್ನು ನಾವು ಒಪ್ಪೋದಿಲ್ಲ. ಕತ್ತಿಯ ಅಲಗಿನಿಂದ ಶುರುಮಾಡಿ ಅಣುವಿನವರೆಗೆ, ನಕ್ಷತ್ರದವರೆಗೆ ಹೋಗೋ ಹಕ್ಕು ನಮಗೆ ಬೇಕು. ಹೋಗೋ ದಾರಿಯಲ್ಲಿ, ಔಷಧಿ ಹೊಡೆಯೋ ಅಪ್ಪನ ಕೈಗೆ ಗವಸು ಯಾಕಿಲ್ಲ ಅಂತಲೂ ಕೇಳಬೇಕು.

ಮೇಘನಾದ ಸಹಾ ಅವರನ್ನು ನೆನೆಯೋಣ. ಢಾಕಾ ಹತ್ತಿರದ ಹಳ್ಳಿಯ ಬಡ ಅಂಗಡಿಕಾರನ ಮಗ, ಕೆಳಜಾತಿ ಅನ್ನಿಸಿಕೊಂಡವರು. 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು ಹಾಸ್ಟೆಲ್ ಸೇರಿದಾಗ, ಮೇಲ್ಜಾತಿಯ ಹುಡುಗರು ಅವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಒಪ್ಪಲಿಲ್ಲ. ಆ ಪಂಕ್ತಿಯಿಂದ ಹೊರಗಿಟ್ಟ ಹುಡುಗನೇ 1920ರಲ್ಲಿ ನಕ್ಷತ್ರಗಳ ಬೆಳಕನ್ನು ಓದುವ ಸಮೀಕರಣ ಕೊಟ್ಟದ್ದು. ಊಟದ ಹಾಲಿನಲ್ಲಿ ತಟ್ಟೆ ಹಿಡಿದು ಅವಮಾನ ಉಂಡ ಯಾರಿಗೇ ಆದರೂ ಈ ಸಂಗತಿ ಗೊತ್ತಿರಬೇಕು.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ನಾವೂ ಸೀನಿಯರ್‌ಗಳ ಹಳೇ ಪ್ರಾಜೆಕ್ಟಿನ ರಟ್ಟು ಬದಲಾಯಿಸಿ ಕೊಟ್ಟಿದ್ದೇವೆ. ಅಂಕ ಬಂತು, ಕಲಿಕೆ ಬರಲಿಲ್ಲ. ಮೇಷ್ಟ್ರುಗಳೆಲ್ಲಾ ನಮ್ಮ ಶತ್ರುಗಳೂ ಅಲ್ಲ. ಪಾಠ ಮುಗಿಸಬೇಕು, ದಾಖಲೆ ತುಂಬಬೇಕು, ಎಷ್ಟೋ ಕಡೆ ಪ್ರಯೋಗಾಲಯ ಅನ್ನೋದು ಬೀಗ ಹಾಕಿದ ಬೀರು. ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು.

ಪ್ರಾಜೆಕ್ಟ್ ಶಾಲೆಯ ಹೊತ್ತಿನಲ್ಲೇ ನಡೆಯಲಿ. ಕಾಗದ, ಸಾಮಾನು ಶಾಲೆಯೇ ಕೊಡಲಿ. ಅಂಗಡಿಯಲ್ಲಿ ಕೊಂಡ ಮಾದರಿಗೆ ಅಂಕ ಬೇಡ. ಮಗು ಏನು ನೋಡಿತು, ಏನು ಅಳೆಯಿತು, ಎಲ್ಲಿ ತಪ್ಪಿತು ಅನ್ನೋದಕ್ಕೆ ಅಂಕ ಇರಲಿ. ಅತಿಥಿಗಳ ಮುಂದೆ ಮಾತಾಡೋ ಸರದಿ ಎಲ್ಲರಿಗೂ ಬರಲಿ. ಎರವರ, ಕುರುಬರ ಹಾಡಿಯಿಂದ ಬಂದ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರಜೆಯ ಕರ್ತವ್ಯ ಅಂತ 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದಾರೆ. ಕರ್ತವ್ಯ ನಮ್ಮದಾದರೆ ಅದಕ್ಕೆ ಬೇಕಾದ ಸಲಕರಣೆಯೂ ನಮ್ಮದಾಗಬೇಕು.

ಕಾಲೇಜು ಹಾಸ್ಟೆಲಿನ ಗೆಳೆಯರೇ, ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಹತ್ತಿರದ ಹೈಸ್ಕೂಲ್ ಹಾಸ್ಟೆಲಿಗೆ, ಲೈನಿಗೆ, ಹಾಡಿಗೆ ಹೋಗಿ ತಮ್ಮ ತಂಗಿಯರ ಜೊತೆ ಕೂತ್ಕೊಳ್ಳಿ. ಪ್ರಾಜೆಕ್ಟ್ ಬರೆದು ಕೊಡಬೇಡಿ. ಕೇಳಿಸಿಕೊಳ್ಳಿ, ಬರೆಯೋಕೆ ಧೈರ್ಯ ಕೊಡಿ. ವಾಪಸ್ ಬಂದ ಆ ಎರಡು ಹಾಳೆಗಳನ್ನು ನಮ್ಮ ಹುಡುಗಿ ಇನ್ನೂ ಇಟ್ಕೊಂಡಿದ್ದಾಳೆ. ಇನ್ನೊಂದು ಮಗುವಿನ ಹಾಳೆ ಹಾಗೆ ವಾಪಸ್ ಬರಬಾರದು.

ಜೈ ಭೀಮ್.